ಲಂಟಾನ ಕೀಳಲು ಆಫ್ರಿಕಾಕ್ಕೆ ಹೋಗಿದ್ದೆ

ಬಂಡೀಪುರದ ಮಗ್ಗುಲಲ್ಲೇ ಬೇಕಾದಷ್ಟು ಲಂಟಾನ ಎಂಬ ಕಳೆಗಿಡ ಇರುವಾಗ, ಅದನ್ನೇ ಕೀಳಲು ದುಡ್ಡು ಕೊಟ್ಟು ದಕ್ಷಿಣ ಆಫ್ರಿಕಾಕ್ಕೆ ಹೋಗುವವನನ್ನು ಏನೆನ್ನಬೇಕು? ನಮ್ಮ ಮನೆಯವರು ಅಂದದ್ದನ್ನು ಇಲ್ಲಿ ಬರೆಯುವಂತಿಲ್ಲ. ಕಳೆದ ತಿಂಗಳು ಅಲ್ಲಿಂದ ಬಂದ ಫೋಟೊ ನೋಡಿದ ಮೇಲೆ ಅವರೂ ಸುಮ್ಮನಾಗಿದ್ದಾರೆ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ಜಾಗ ಕ್ವಾಜುಲು-ನಟಾಲ್ ಪ್ರಾಂತ್ಯದ ಉತ್ತರ ಭಾಗದ ಒಂದು ಖಾಸಗಿ ವನ್ಯಜೀವಿ ರಿಸರ್ವ್, ಹೋದದ್ದು ಸ್ವಯಂಸೇವಕನಾಗಿ. ಸ್ವಯಂಸೇವಕ ಎಂದರೆ ಪುಕ್ಕಟೆ ಊಟ ಎಂದುಕೊಳ್ಳಬೇಡಿ. ನಾಲ್ಕು ವಾರಕ್ಕೆ ಏಜೆನ್ಸಿಯೊಂದಕ್ಕೆ ಸುಮಾರು ಒಂದೂಕಾಲು ಲಕ್ಷ ಕಟ್ಟಿದೆ, ಅಡಿಸ್ ಅಬಾಬಾ ಮಾರ್ಗದ ವಿಮಾನಕ್ಕೆ ಅರವತ್ತೈದು ಸಾವಿರದ ಆಸುಪಾಸು. ಅದಕ್ಕೂ ಮುನ್ನ ಬೇರೊಂದು ಏಜೆನ್ಸಿಗೆ ಇಪ್ಪತ್ತು ಸಾವಿರ ಮುಂಗಡ ಕೊಟ್ಟು ಕಳೆದುಕೊಂಡಿದ್ದೆ. ಅವರ ಪ್ರಕಾರ ಸಂರಕ್ಷಣೆ ಎಂದರೆ ಸಿಂಹದ ಮರಿಗೆ ಬಾಟಲಿಯಲ್ಲಿ ಹಾಲು ಕುಡಿಸಿ ಫೋಟೊ ತೆಗೆಸಿಕೊಳ್ಳುವುದು. ಹಾಗೆ ಮುದ್ದಿಸಿ ಬೆಳೆಸಿದ ಮರಿ ಕಾಡಿಗೆ ಮರಳುವುದಿಲ್ಲ. ಬೇಲಿಯೊಳಗಿನ ಬೇಟೆಗೆ ಮಾರಾಟವಾಗುವುದೂ ಆ ದೇಶದಲ್ಲಿ ಉಂಟು. ತಿಳಿದ ದಿನವೇ ಬಿಟ್ಟೆ.

ಅಲ್ಲಿಯೂ ಲಂಟಾನ ಹೊರಗಿನಿಂದ ಬಂದ ಪೀಡೆಯೇ. ಅಲ್ಲಿನ ನಿಯಮಗಳ ಪ್ರಕಾರ ಜಮೀನಿನ ಒಡೆಯ ಅದನ್ನು ಹತೋಟಿಯಲ್ಲಿ ಇಡಲೇಬೇಕು. ರಿಸರ್ವ್‌ನವರು ಗಿಡ ಕಡಿದು, ಕೂಳೆಗೆ ಬಣ್ಣ ಬೆರೆಸಿದ ಕಳೆನಾಶಕ ಬಳಿಯುತ್ತಿದ್ದರು. ಬಳಿದ ಸಂಜೆ ಮಳೆ ಬಂದರೆ ಎಲ್ಲ ನೀರುಪಾಲು. ದೆಹಲಿಯ ಪರಿಸರ ವಿಜ್ಞಾನಿ ಪ್ರೊ. ಸಿ.ಆರ್. ಬಾಬು ಅವರ ತಂಡ ಉತ್ತರಾಖಂಡದ ಕಾರ್ಬೆಟ್ ಹುಲಿ ಕಾಡಿನಲ್ಲಿ ಮಾಡಿ ತೋರಿಸಿದ, ನೆಲದಡಿ ಬೇರು ಕತ್ತರಿಸಿ ಗಿಡ ಕೀಳುವ ವಿಧಾನವನ್ನು ನಾನು ಪ್ರಸ್ತಾಪಿಸಿದೆ. ರಿಸರ್ವ್‌ನ ಮ್ಯಾನೇಜರ್ ನಕ್ಕರು. "ಒಂದೊಂದೇ ಗಿಡ ಕೀಳುತ್ತಾ ಹೋದರೆ ನಿಮ್ಮ ವೀಸಾ ಮುಗಿದರೂ ಈ ಹಳ್ಳ ಮುಗಿಯುವುದಿಲ್ಲ" ಎಂದರು. ಆದರೂ ಹಳ್ಳದ ದಂಡೆಯಲ್ಲಿ ಮೂವತ್ತು ಮೀಟರ್ ಉದ್ದಗಲದ ಜಾಗ ಕೊಟ್ಟರು.

ಮೊದಲ ಸಲ ಮುಖಭಂಗವೇ ಆಯಿತು. ಹೋದದ್ದು ಜೂನ್‌ನಲ್ಲಿ. ನಮಗೆ ಮುಂಗಾರು ಹಿಡಿಯುವ ಹೊತ್ತು, ಅಲ್ಲಿ ಒಣ ಚಳಿಗಾಲ. ಹಾರೆ ಹಾಕಿದರೆ ಕಲ್ಲಿಗೆ ಹೊಡೆದಂತೆ ಪುಟಿಯುತ್ತಿತ್ತು. ಇನ್ನೂರು ಬುಡ ಕಿತ್ತೆ ಎಂದು ಬೀಗಿದೆ. ನಿಜಕ್ಕೂ ಅರ್ಧದಷ್ಟು ಮೇಲೆಯೇ ಮುರಿದಿದ್ದವು. ಅಕ್ಟೋಬರ್‌ನಲ್ಲಿ ಮ್ಯಾನೇಜರ್ ಸಂದೇಶ ಬಂತು: "ನಿಮ್ಮ ಲಂಟಾನ ಸೊಂಪಾಗಿ ಚಿಗುರಿದೆ, ಧನ್ಯವಾದ." ಎಂಬತ್ತಕ್ಕೂ ಹೆಚ್ಚು ಬುಡ ಚಿಗುರಿದ್ದವಂತೆ.

ನಾನು ತಪ್ಪಿದ್ದೆಲ್ಲಿ ಎಂದು ತಿಳಿಯಲು ಬುಡದ ಮಣ್ಣು ಬಿಡಿಸಿ ನೋಡಿ. ಕಾಂಡ ಮುಗಿದು ಬೇರು ಶುರುವಾಗುವಲ್ಲಿ ತೊಗಟೆಯ ಬಣ್ಣ ಬದಲಾಗುತ್ತದೆ, ಅಲ್ಲಿ ಸಣ್ಣ ಗಂಟಿನಂಥ ಉಬ್ಬು ಇರುತ್ತದೆ. ಚಿಗುರುವ ಕಣ್ಣುಗಳೆಲ್ಲ ಅದರ ಮೇಲೆ. ಅದರಿಂದ ಎರಡು ಬೆರಳು ಕೆಳಗೆ ತಾಯಿಬೇರು ಕತ್ತರಿಸಿದರೆ ಗಿಡ ಸತ್ತಂತೆ. ಒಂದು ಬೆರಳು ಮೇಲೆ ಕತ್ತರಿಸಿದರೆ ಸವರಿ ಬೆಳೆಸಿದಂತೆ.

ಮರುವರ್ಷ ನವೆಂಬರ್‌ನಲ್ಲಿ, ಎರಡು ಹದ ಮಳೆಯಾದ ಮೇಲೆ ಹೋದೆ. ನಡುವೆ ಏಜೆನ್ಸಿ ಇಲ್ಲದ ಕಾರಣ ಖರ್ಚು ಹೆಚ್ಚುಕಡಿಮೆ ಅರ್ಧವಾಯಿತು. ನಮ್ಮೂರ ಕುಲುಮೆಯಲ್ಲಿ ತಟ್ಟಿಸಿದ ಉಳಿಯಂಥ ಅಲಗನ್ನು ಸೂಟ್‌ಕೇಸಿನಲ್ಲಿ ಒಯ್ದು, ಕಾವನ್ನು ಅಲ್ಲೇ ನೀಲಗಿರಿ ಮರದಲ್ಲಿ ಮಾಡಿಸಿದೆ. ಮೊನೆಯ ಓರೆ ಎಷ್ಟು ಎಂದು ಮಾತ್ರ ಕೇಳಬೇಡಿ, ಅದಕ್ಕೆ ಮೂರು ಅಲಗು ಹಾಳು ಮಾಡಿದ್ದೇನೆ.

ಪೊದೆಗೆ ಮೊದಲು ರೈಫಲ್ ಹಿಡಿದ ರೇಂಜರ್ ಹೋಗಬೇಕು. ಆತ ನನ್ನನ್ನು ಬಾಬಾ ಎನ್ನುತ್ತಿದ್ದ. ಜುಲು ಭಾಷೆಯಲ್ಲಿ ಹಾಗೆಂದರೆ ಅಪ್ಪ. ಕಾವಿ ಬಟ್ಟೆಗೂ ಅದಕ್ಕೂ ಸಂಬಂಧವಿಲ್ಲ. ಒಂದು ಬೆಳಿಗ್ಗೆ "ಬಾಬಾ, ಅಲ್ಲೇ ನಿಲ್ಲಿ" ಎಂದ. ನಾನು ಕೂರಲು ಹೊರಟಿದ್ದ ನೆರಳಿನಲ್ಲಿ ಒಂಟಿ ಕಾಡೆಮ್ಮೆ ಮೆಲುಕು ಹಾಕುತ್ತಿತ್ತು. ಎರಡು ದಿನ ಕೆಲಸ ನಿಂತಿತು.

ಕಿತ್ತ ಗಿಡವನ್ನು ಬೇರು ಮೇಲಾಗಿಸಿ ಒಣಗಿಸಬೇಕು, ಇಲ್ಲವಾದರೆ ಮತ್ತೆ ಬೇರು ಬಿಡುತ್ತದೆ. ಬರಿದಾದ ನೆಲಕ್ಕೆ ಥೆಮೆಡಾ ಹುಲ್ಲಿನ ತೆನೆ ಉದುರಿಸಿ, ಮೇಲೆ ಮುಳ್ಳುಕೊಂಬೆ ಹರಡಿದೆವು, ಇಂಪಾಲ ಎಂಬ ಹುಲ್ಲೆಗಳು ಎಳೆಹುಲ್ಲಿಗೆ ಬಾಯಿ ಹಾಕದಂತೆ. ಹಕ್ಕಿ ಕೂರುವ ಮರಗಳ ಕೆಳಗೆ ಲಂಟಾನದ ಸಸಿ ಏಳುತ್ತಲೇ ಇರುತ್ತವೆ. ಅಲ್ಲಿಯೂ ಬೀಜ ಹರಡುವ ಕಳ್ಳರಲ್ಲಿ ಪಿಕಳಾರದ ಜಾತಿಯೂ ಇದೆ! ಕನಿಷ್ಠ ಎರಡು ವರ್ಷ ಆ ಸಸಿ ಕೀಳುತ್ತಿರದಿದ್ದರೆ ಪಟ್ಟದ್ದೆಲ್ಲ ವ್ಯರ್ಥ. ಉಣುಗು ಕಚ್ಚಿ ನನಗೆ ಜ್ವರವೂ ಬಂತು. ಮಂಗನ ಕಾಯಿಲೆ ನೆನಪಾಗಿ ಬೆವರಿದೆ. ಅದು ಬೇರೆಯೇ ರೋಗ, ಡಾಕ್ಸಿಸೈಕ್ಲಿನ್‌ಗೆ ಇಳಿಯಿತು.

ಸಂಜೆ ಹೊತ್ತಿಗೆ, ಲಂಟಾನದಂತೆಯೇ ಹೊರಗಿನಿಂದ ಬಂದ ಪಾಪಾಸುಕಳ್ಳಿಯ ಜೊತೆ ಇನ್ನೊಂದು ಆಟ ಆಡಿದೆ. ಅದರ ಮೇಲೆ ಬಿಳಿ ಹತ್ತಿಯಂತೆ ಕೂರುವ ಕೊಚಿನಿಯಲ್ ಹುಳುವನ್ನು ಹಿಸುಕಿದರೆ ಬೆರಳೆಲ್ಲ ಕುಂಕುಮ. ಅದು ರಸ ಹೀರಿ ಕಳ್ಳಿಯನ್ನು ಸೊರಗಿಸುವುದರಿಂದ, ಹುಳು ಹತ್ತಿದ ಹೋಳುಗಳನ್ನು ಹುಳುವಿಲ್ಲದ ಕಳ್ಳಿಗೆ ಸಿಕ್ಕಿಸಿದೆ. ಹತ್ತರಲ್ಲಿ ನಾಲ್ಕಕ್ಕೆ ಹಿಡಿಯಿತು. ಲಂಟಾನ ಬೆತ್ತದಿಂದ ಸ್ಟೂಲ್ ಕಟ್ಟಲೂ ನೋಡಿದೆ. ಮಹದೇಶ್ವರ ಬೆಟ್ಟದ ಸೋಲಿಗರ ಕೈಚಳಕ ನನಗೆಲ್ಲಿ ಬರಬೇಕು, ಮ್ಯಾನೇಜರ್ ಕೂತ ಕೂಡಲೇ ಅದು ಕೂತುಬಿಟ್ಟಿತು.

ಎರಡನೇ ಸಲದ ಇನ್ನೂರು ಚಿಲ್ಲರೆ ಬುಡಗಳಲ್ಲಿ ವರ್ಷದ ಬಳಿಕ ಚಿಗುರಿದ್ದು ಹನ್ನೆರಡೋ ಹದಿಮೂರೋ. ಬುಡಕ್ಕೆ ಏಳೆಂಟು ನಿಮಿಷ ಹಿಡಿಯುತ್ತದೆ, ಔಷಧಿ ಬಳಿಯಲು ಎರಡೇ ನಿಮಿಷ, ಒಪ್ಪುತ್ತೇನೆ. ಆದರೆ ಅವರು ಅದೇ ಬುಡಕ್ಕೆ ಮೂರು ಸಲ ಬಳಿದಿದ್ದರು. ಫೋಟೊದಲ್ಲಿ ಆ ಜಾಗದ ಹುಲ್ಲನ್ನು ಬಿಳಿ ಘೇಂಡಾಮೃಗವೊಂದು ತನ್ನ ಚಪ್ಪಟೆ ತುಟಿಯಿಂದ ನೆಲಕ್ಕೆ ಹತ್ತಿಸಿ ಮೇಯುತ್ತಿದೆ.

ಫೋಟೊದ ಕೆಳಗೆ ಮ್ಯಾನೇಜರ್ ಆರು ಅಲಗು ಕಳಿಸಿ ಎಂದು ಬರೆದಿದ್ದರು. ಕುಲುಮೆಯವರು ಒಂದಕ್ಕೆ ನಾನೂರು ಎಂದರು. ಕೊರಿಯರ್‌ನವರು ಹೇಳಿದ ದರ ಅಲಗುಗಳ ಒಟ್ಟು ಬೆಲೆಯ ನಾಲ್ಕು ಪಟ್ಟು. ಈ ನವೆಂಬರ್‌ಗೆ ನಾನೇ ಹೊತ್ತುಕೊಂಡು ಹೋಗುವುದು ಅಗ್ಗವೆಂದು ಮನೆಯಲ್ಲಿ ಲೆಕ್ಕ ತೋರಿಸುತ್ತಿದ್ದೇನೆ.