ಪಾಚಿ ಎಣ್ಣೆಯ ಪ್ರಯೋಗ ಕೊನೆಗೂ ಕೈಹಿಡಿದದ್ದು

ಪಾಚಿ ಎಣ್ಣೆಯಿಂದ ರಕ್ತದ ಕೊಲೆಸ್ಟರಾಲ್ ಇಳಿಯುವುದನ್ನೂ ಕರುಳಿನ ಬ್ಯಾಕ್ಟೀರಿಯಾ ಬದಲಾಗುವುದನ್ನೂ ಒಂದೇ ಪ್ರಯೋಗದಲ್ಲಿ ತೋರಿಸುತ್ತೇನೆಂದಾಗ, ನಮ್ಮ ವಿಭಾಗದ ಹಿರಿಯರೊಬ್ಬರು ಎರಡು ದೋಣಿಯ ಮೇಲೆ ಕಾಲಿಡಬೇಡಿ ಎಂದಿದ್ದರು. ಮೊದಲ ಎರಡು ವರ್ಷ ಅವರ ಮಾತೇ ನಿಜವಾಯಿತು.

ಇಲಿಯ ಕೊಲೆಸ್ಟರಾಲ್ ಸುಲಭಕ್ಕೆ ಏರುವುದಿಲ್ಲವಾದ್ದರಿಂದ, ಎಲ್ಲರಂತೆ ನಾನೂ ಆಹಾರಕ್ಕೆ ಶೇಕಡಾ 1ರಷ್ಟು ಕೊಲೆಸ್ಟರಾಲ್, 0.5ರಷ್ಟು ಕೋಲಿಕ್ ಆಮ್ಲ ಎಂಬ ಪಿತ್ತರಸದ ಆಮ್ಲ ಬೆರೆಸಿದೆ. ಕೊಲೆಸ್ಟರಾಲ್ ಏನೋ ಏರಿತು. ಆದರೆ ಈ ಪಿತ್ತಾಮ್ಲ ತಾನೇ ಕರುಳಿನ ಬ್ಯಾಕ್ಟೀರಿಯಾಗಳನ್ನು ಅಡಿಮೇಲು ಮಾಡುತ್ತದೆಂಬುದು, ನಲವತ್ತು ಚಿಲ್ಲರೆ ಮಾದರಿಗಳ ಡಿಎನ್‌ಎ ಓದಿಸಲು ಸುಮಾರು ಎರಡೂವರೆ ಲಕ್ಷ ಸುರಿದ ಮೇಲೆ ನನ್ನ ತಲೆಗೆ ಹೋಯಿತು. ಸಾಲದ್ದಕ್ಕೆ, ಒಂದೇ ಪಂಜರದ ಇಲಿಗಳು ಒಂದರ ಹಿಕ್ಕೆಯನ್ನು ಇನ್ನೊಂದು ತಿನ್ನುವುದರಿಂದ, ನಾನು ಎಣ್ಣೆಯ ಪರಿಣಾಮವೆಂದು ಬರೆದುಕೊಂಡಿದ್ದರಲ್ಲಿ ಬಹುಪಾಲು ಪಂಜರ ಪಂಜರಕ್ಕಿದ್ದ ವ್ಯತ್ಯಾಸವಷ್ಟೇ.

ಹಾಗಾಗಿ ಇಲಿಯಂಥದೇ ಪುಟ್ಟ ಪ್ರಾಣಿಯಾದ ಹ್ಯಾಮ್‌ಸ್ಟರ್‌ಗೆ ಬಂದೆ. ಕೋಲಿಕ್ ಆಮ್ಲದ ಹಂಗಿಲ್ಲದೆ ಅಲ್ಪ ಕೊಲೆಸ್ಟರಾಲ್‌ಗೇ ಅದರ ರಕ್ತ ಸ್ಪಂದಿಸುತ್ತದೆ; ಜೊತೆಗಿಟ್ಟರೆ ಕಚ್ಚಾಡುವ ಪ್ರಾಣಿಯಾದ್ದರಿಂದ ಒಂದೊಂದನ್ನೂ ಬೇರೆ ಇಡಬೇಕಾಗಿ, ಪಂಜರದ ತಕರಾರೂ ತಾನಾಗಿ ತೀರಿತು.

ಆಮೇಲೆ ಕಾಡಿದ್ದು ಎಣ್ಣೆ. ನಾನು ಬಳಸುವ, ಸ್ಕೈಜೋಕೈಟ್ರಿಯಂ ಎಂಬ ಪಾಚಿಯ ಎಣ್ಣೆಯಲ್ಲಿರುವ ಡಿಎಚ್‌ಎ ಎಂಬ ಒಮೆಗಾ-3 ಕೊಬ್ಬಿನಾಮ್ಲದಲ್ಲಿ ಆರು ದ್ವಿಬಂಧಗಳಿವೆ, ಹಾಗಾಗಿ ಗಾಳಿ, ಬಿಸಿಗೆ ಅದು ಬೇಗ ಕೆಡುತ್ತದೆಯೆಂದು ಗೊತ್ತಿದ್ದೂ, ಆಹಾರವನ್ನು ಗುಳಿಗೆ ಮಾಡಿ 60 ಡಿಗ್ರಿಯ ಓವನ್‌ನಲ್ಲಿ ಒಣಗಿಸಿದ್ದು ನನ್ನ ದಡ್ಡತನ. ಮೂರನೆಯ ದಿನಕ್ಕೆ ಪ್ರಾಣಿಮನೆಯ ತುಂಬ ಮೀನಿನ ಕಮಟು. ಬಟ್ಟಲುಗಳಲ್ಲಿ ಮೂಸಿ ಬಿಟ್ಟ ಗುಳಿಗೆಗಳು. ಪ್ರಾಣಿಗಳು ತಿನ್ನದೆ ಸೊರಗಿ ಕೊಲೆಸ್ಟರಾಲ್ ಇಳಿದದ್ದನ್ನು ಎಣ್ಣೆಯ ಗೆಲುವೆಂದು ಒಂದು ವಾರ ಸಂಭ್ರಮಿಸಿದ್ದೂ ಉಂಟು. ಈಗ ಹಿಟ್ಟನ್ನು ಒಣಗಿಸದೆ ಸಣ್ಣ ಉಂಡೆ ಕಟ್ಟಿ, ನೈಟ್ರೋಜನ್ ತುಂಬಿದ ಚೀಲಗಳಲ್ಲಿ ಮೈನಸ್ 20 ಡಿಗ್ರಿಯಲ್ಲಿಟ್ಟು, ಹ್ಯಾಮ್‌ಸ್ಟರ್‌ಗಳು ಎಚ್ಚರಗೊಳ್ಳುವ ಸಂಜೆಯ ಹೊತ್ತಿಗೆ ಆ ದಿನದ ಪಾಲನ್ನಷ್ಟೇ ಹಾಕಿ, ಬೆಳಿಗ್ಗೆ ಉಳಿದದ್ದನ್ನು ತೂಗಿ ಎಸೆಯುತ್ತೇನೆ. ವಿಟಮಿನ್ ಇ ಜೊತೆಗೆ, ಪಾಚಿ ಎಣ್ಣೆ ತಿನ್ನುವ ಮತ್ತು ತಿನ್ನದ ಎರಡೂ ಗುಂಪಿನ ಆಹಾರಕ್ಕೆ ಇನ್ನೊಂದು ಪದಾರ್ಥವನ್ನೂ ಬೆರೆಸುತ್ತೇನೆ. ಅದರ ಹೆಸರು ಸದ್ಯಕ್ಕೆ ನನ್ನಲ್ಲೇ ಇರಲಿ.

ಆರು ವಾರಗಳ ಕೊನೆಗೆ ಒಟ್ಟು ಕೊಲೆಸ್ಟರಾಲ್, ನೆನಪಿನಿಂದ ಹೇಳುವುದಾದರೆ, ಐದರಲ್ಲೊಂದು ಪಾಲು ಇಳಿದಿತ್ತು. ರಕ್ತದ ಇನ್ನೊಂದು ಕೊಬ್ಬಾದ ಟ್ರೈಗ್ಲಿಸರೈಡ್ ಅದಕ್ಕಿಂತ ಹೆಚ್ಚು. ಬ್ಯಾಕ್ಟೀರಿಯಾಗಳ ನಕ್ಷೆಯಲ್ಲಿಯೂ ಈ ಬಾರಿ ಎರಡು ಗುಂಪುಗಳು ಸ್ಪಷ್ಟವಾಗಿ ಬೇರೆಯಾದವು. ಒಳ್ಳೆಯ ಕೊಲೆಸ್ಟರಾಲ್ ಎನ್ನುವ ಎಚ್‌ಡಿಎಲ್ ಕೂಡ ತುಸು ಇಳಿದದ್ದನ್ನು ನಾನು ಮುಚ್ಚಿಡಲಿಲ್ಲ. ಮನುಷ್ಯರಲ್ಲಾದರೋ ಪಾಚಿಯ ಡಿಎಚ್‌ಎ ಟ್ರೈಗ್ಲಿಸರೈಡ್ ಇಳಿಸಿದರೂ ಕೆಟ್ಟ ಕೊಲೆಸ್ಟರಾಲ್ ಎನ್ನುವ ಎಲ್‌ಡಿಎಲ್ ಅನ್ನು ಸ್ವಲ್ಪ ಏರಿಸಿದ್ದುಂಟು. ಆದ್ದರಿಂದ ನನ್ನ ಅಂಕಿಗಳನ್ನು ನೋಡಿ ಯಾರೂ ಔಷಧಿ ಬಿಟ್ಟು ಎಣ್ಣೆ ಕುಡಿಯಬಾರದು. ಆ ಹಿರಿಯರು ಮಾತ್ರ ಈಗ ತಮ್ಮ ವಿದ್ಯಾರ್ಥಿಯನ್ನು ಉಂಡೆ ಕಟ್ಟುವುದನ್ನು ನೋಡಿ ಬರಲು ನಮ್ಮಲ್ಲಿಗೆ ಕಳುಹಿಸಿದ್ದಾರೆ.

ನಡುವೆ, ಎಣ್ಣೆ ತೆಗೆದ ಪಾಚಿಯ ಹಿಂಡಿಯನ್ನು ಎಸೆಯಲು ಮನಸ್ಸಾಗದೆ, ಉಳಿದಿದ್ದ ಆರು ಹ್ಯಾಮ್‌ಸ್ಟರ್‌ಗಳಿಗೆ ತಿನ್ನಿಸಿ ನೋಡಿದೆ. ಹಿಕ್ಕೆಯ ತೂಕ ಹೆಚ್ಚಿತು, ನಾರನ್ನು ಕರುಳಿನ ಬ್ಯಾಕ್ಟೀರಿಯಾಗಳು ಹುಳಿಸಿದಾಗ ಬರುವ ಬ್ಯುಟಿರೇಟ್, ಎಣ್ಣೆಯ ಗುಂಪಿಗಿಂತಲೂ ಮೇಲೇ ಬಂತು. ಇಡೀ ಪಾಚಿಪುಡಿ ತಿನ್ನಿಸಿ ಬಂದ ಫಲವನ್ನೆಲ್ಲ ಎಣ್ಣೆಯ ಕೊಬ್ಬಿನಾಮ್ಲದ ಲೆಕ್ಕಕ್ಕೆ ಬರೆಯುವವರ ಮೇಲೆ ಅಂದಿನಿಂದ ನನಗೆ ಅನುಮಾನ. ಎಣ್ಣೆ, ಹಿಂಡಿ, ಎರಡೂ ಸೇರಿದ್ದು, ಈ ಮೂರನ್ನೂ ಹೋಲಿಸಲು ನೈತಿಕ ಸಮಿತಿಯಿಂದ ಗುಂಪಿಗೆ ಎಂಟರಂತೆ ಪ್ರಾಣಿಗಳನ್ನು ಕೇಳಿದ್ದೇನೆ.