ಮಕ್ಕಳ ಹಣ ಎಷ್ಟು ಬರುತ್ತೆ? ಕೆನಡಾದಲ್ಲಿ ನಾನು ಸಿಸಿಬಿ ಲೆಕ್ಕ ಹಾಕುವ ರೀತಿ

ಕೆನಡಾದಲ್ಲಿ 18 ವರ್ಷದೊಳಗಿನ ಮಕ್ಕಳಿರುವ ಮನೆಗಳಿಗೆ ಸರ್ಕಾರ ತಿಂಗಳು ತಿಂಗಳು ಹಣ ಕೊಡುತ್ತದೆ. ಅದರ ಹೆಸರು ಕೆನಡಾ ಚೈಲ್ಡ್ ಬೆನಿಫಿಟ್. ಬಾಯಲ್ಲಿ ಎಲ್ಲರಿಗೂ ಅದು ಸಿಸಿಬಿ. "ನಮಗೆ ಎಷ್ಟು ಬರಬಹುದು?" ಅಂತ ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ, "ನಮ್ಮ ಪರಿಚಯದವರಿಗೆ ಆರುನೂರು ಬರುತ್ತಂತೆ, ನಿಮಗೂ ಅಷ್ಟೇ ಇರಬೇಕು." ಆ ಅಂದಾಜಿನ ಮೇಲೆ ಬಾಡಿಗೆ ಮನೆ ಹಿಡಿದವರನ್ನು ನೋಡಿದ್ದೇನೆ. ಕಾರಿನ ಕಂತು ಕಟ್ಟಿಕೊಂಡವರನ್ನೂ ನೋಡಿದ್ದೇನೆ. ನಿಜ ಹೇಳಬೇಕೆಂದರೆ ಇಲ್ಲಿ ಅಂದಾಜು ಮಾಡುವ ಅಗತ್ಯವೇ ಇಲ್ಲ. ಒಂದು ಹಾಳೆ, ಕ್ಯಾಲ್ಕುಲೇಟರ್, ಕೈಯಲ್ಲಿ ಎರಡು ಟ್ಯಾಕ್ಸ್ ಕಾಗದ ಇದ್ದರೆ ಡಾಲರಿನ ಮಟ್ಟಕ್ಕೆ ಲೆಕ್ಕ ಸಿಗುತ್ತದೆ. ಮೊದಲು ನಮ್ಮ ಮನೆಗೆ ಅಂತ ಕಲಿತೆ. ಆಮೇಲೆ ಜನರಿಗೆ ಟ್ಯಾಕ್ಸ್ ರಿಟರ್ನ್ ತುಂಬಿಕೊಡುವ ಟ್ಯಾಕ್ಸ್ ಕ್ಲಿನಿಕ್ಕಿನಲ್ಲಿ ಸ್ವಯಂಸೇವಕಿಯಾಗಿ ಕೂತಾಗ ಬೇರೆಯವರಿಗೂ ಮಾಡಿಕೊಡುತ್ತಾ ಬಂದೆ.

ಮೊದಲು ತಿಳಿಯಬೇಕಾದದ್ದು ಯಾವ ಸಂಖ್ಯೆ ಹಿಡಿಯಬೇಕು ಅನ್ನೋದು. ಜನ ಸಂಬಳ ಹಿಡಿಯುತ್ತಾರೆ, ಅಂದರೆ ಕೆಲಸ ಕೊಟ್ಟವರು ವರ್ಷದ ಸಂಬಳಕ್ಕೆ ಕೊಡುವ ಟಿ4 ಚೀಟಿಯ 14ನೇ ಬಾಕ್ಸು. ಸಿಸಿಬಿ ಲೆಕ್ಕಕ್ಕೆ ಬೇಕಾದದ್ದು ಅದಲ್ಲ. ಟ್ಯಾಕ್ಸ್ ರಿಟರ್ನಿನ 23600ನೇ ಸಾಲು ಬೇಕು. ಅದೇ ನೆಟ್ ಇನ್‌ಕಮ್. ಗಂಡನದ್ದು ಒಂದು, ಹೆಂಡತಿಯದ್ದು ಒಂದು, ಎರಡನ್ನೂ ಕೂಡಿಸಬೇಕು. ಆ ಮೊತ್ತವನ್ನೇ ಕುಟುಂಬದ ಆದಾಯ ಅಂತ ಸಿಆರ್‌ಎ, ಅಂದರೆ ಕೆನಡಾ ರೆವಿನ್ಯೂ ಏಜೆನ್ಸಿ, ಹಿಡಿಯುತ್ತದೆ. ಅಂಗವಿಕಲರ ಉಳಿತಾಯ ಖಾತೆಯಾದ ಆರ್‌ಡಿಎಸ್‌ಪಿಯಿಂದ ತೆಗೆದ ಹಣ ಇದ್ದರೆ ಅದನ್ನು ಇದರಿಂದ ಕಳೆಯುತ್ತಾರೆ. ಹೆಚ್ಚಿನ ಮನೆಗಳಿಗೆ ಅದರ ಗೊಡವೆ ಇರೋದಿಲ್ಲ.

ಎರಡನೆಯದು, ಯಾವ ವರ್ಷದ ಆದಾಯ ಅನ್ನೋದು. ಸಿಸಿಬಿಯ ವರ್ಷ ಜುಲೈನಲ್ಲಿ ಶುರುವಾಗಿ ಮುಂದಿನ ಜೂನ್‌ಗೆ ಮುಗಿಯುತ್ತದೆ. 2025ರ ಜುಲೈನಿಂದ 2026ರ ಜೂನ್‌ವರೆಗೆ ಬರುವ ಹಣ ನಿಂತಿರೋದು 2024ರ ಆದಾಯದ ಮೇಲೆ. ಹಾಗಾಗಿ ಇವತ್ತು ಸಂಬಳ ಜಾಸ್ತಿಯಾದರೂ ಕಡಿಮೆಯಾದರೂ ಈ ತಿಂಗಳ ಸಿಸಿಬಿ ಅಲ್ಲಾಡೋದಿಲ್ಲ. ಕೆಲಸ ಹೋದವರಿಗೆ ಇದು ಕಷ್ಟದ ವಿಷಯ. ಕೈಯಲ್ಲಿ ಕಾಸಿಲ್ಲದ ತಿಂಗಳುಗಳಲ್ಲಿ ಹಳೇ ಸಂಬಳದ ಲೆಕ್ಕದಲ್ಲೇ ಕಡಿಮೆ ಹಣ ಬರುತ್ತಾ ಇರುತ್ತದೆ. ನನ್ನ ಅಭಿಪ್ರಾಯದಲ್ಲಿ ಈ ಯೋಜನೆಯಲ್ಲಿ ಸರಿಪಡಿಸಬೇಕಾದ ಜಾಗ ಇದೇ.

ಈಗ ಲೆಕ್ಕ. 2025-26ರ ವರ್ಷಕ್ಕೆ ಆರು ವರ್ಷದೊಳಗಿನ ಮಗುವಿಗೆ ಗರಿಷ್ಠ 7,997 ಡಾಲರ್, 6ರಿಂದ 17ರವರೆಗಿನ ಮಗುವಿಗೆ 6,748 ಡಾಲರ್. ಇದು ವರ್ಷದ ಮೊತ್ತ, ಹನ್ನೆರಡು ಕಂತಲ್ಲಿ ಬರುತ್ತದೆ. ಕುಟುಂಬದ ಆದಾಯ 37,487 ಡಾಲರ್‌ವರೆಗೆ ಇದ್ದರೆ ಪೂರ್ತಿ ಸಿಗುತ್ತದೆ. ಅದರ ಮೇಲೆ ಹೋದಂತೆ ಕಡಿತ ಶುರು. ಕಡಿತದ ದರ ಮಕ್ಕಳ ಸಂಖ್ಯೆಯ ಮೇಲೆ ನಿಂತಿದೆ. 37,487 ದಾಟಿದ ಪ್ರತಿ ಡಾಲರಿಗೆ ಒಂದು ಮಗುವಿದ್ದರೆ 7 ಸೆಂಟು, ಇಬ್ಬರಿದ್ದರೆ 13.5, ಮೂವರಿದ್ದರೆ 19, ನಾಲ್ಕು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ 23 ಸೆಂಟು ಹೋಗುತ್ತದೆ. ಆದಾಯ 81,222 ದಾಟಿದ ಮೇಲೆ ಕಡಿತ ನಿಧಾನವಾಗುತ್ತದೆ. ಅಲ್ಲಿಂದ ಆಚೆಗೆ ಕ್ರಮವಾಗಿ 3.2, 5.7, 8 ಮತ್ತು 9.5 ಸೆಂಟು.

ಕೇಳಿದರೆ ತಲೆ ಸುತ್ತಬಹುದು. ಒಂದು ಮನೆ ಹಿಡಿದು ನೋಡೋಣ. ಮಕ್ಕಳಿಬ್ಬರು, ಒಂದಕ್ಕೆ 4 ವರ್ಷ, ಇನ್ನೊಂದಕ್ಕೆ 8. ಇಬ್ಬರ 23600ನೇ ಸಾಲು ಕೂಡಿಸಿದರೆ 95,000 ಡಾಲರ್ ಅಂತಿಟ್ಟುಕೊಳ್ಳಿ. ಗರಿಷ್ಠ ಮೊತ್ತ 7,997 ಮತ್ತು 6,748 ಸೇರಿ 14,745. ಮೊದಲ ಹಂತದ ಕಡಿತ 37,487ರಿಂದ 81,222ರವರೆಗೆ, ಅಂದರೆ 43,735 ಡಾಲರಿನ ಮೇಲೆ 13.5 ಪರ್ಸೆಂಟ್. ಅದು 5,904. ಎರಡನೇ ಹಂತ 81,222ರಿಂದ 95,000ದವರೆಗೆ, 13,778 ಡಾಲರಿನ ಮೇಲೆ 5.7 ಪರ್ಸೆಂಟ್. ಅದು 785. ಎರಡೂ ಸೇರಿ 6,689. ಗರಿಷ್ಠದಿಂದ ಕಳೆದರೆ 8,056 ಉಳಿಯಿತು. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ ಸುಮಾರು 671 ಡಾಲರ್. ಅಷ್ಟೇ ಲೆಕ್ಕ.

ಸಿಆರ್‌ಎ ವೆಬ್‌ಸೈಟಿನಲ್ಲಿ ಇದಕ್ಕೇ ಒಂದು ಕ್ಯಾಲ್ಕುಲೇಟರ್ ಇದೆ, ಚೆನ್ನಾಗಿಯೂ ಇದೆ. ಆದರೂ ನಾನು ಮೊದಲು ಕೈಯಲ್ಲೇ ಮಾಡುತ್ತೇನೆ, ಆಮೇಲೆ ಅದರಲ್ಲಿ ಹಾಕಿ ತಾಳೆ ನೋಡುತ್ತೇನೆ. ಕೈಯಲ್ಲಿ ಮಾಡಿದಾಗ ಯಾವ ಡಾಲರ್ ಎಲ್ಲಿ ಹೋಯಿತು ಅಂತ ಗೊತ್ತಾಗುತ್ತದೆ. ಅದು ಗೊತ್ತಾದರೆ ಏನು ಮಾಡಬಹುದು ಅನ್ನೋದೂ ಹೊಳೆಯುತ್ತದೆ.

ಉದಾಹರಣೆಗೆ ಆರ್‌ಆರ್‌ಎಸ್‌ಪಿ. ನಿವೃತ್ತಿ ಖಾತೆಗೆ ಹಾಕಿದ ಹಣ 23600ನೇ ಸಾಲಿಗೆ ಬರುವ ಮೊದಲೇ ಆದಾಯದಿಂದ ಕಳೆದುಹೋಗುತ್ತದೆ. ಮೇಲಿನ ಮನೆಯವರು 8,000 ಡಾಲರ್ ಹಾಕಿದ್ದರೆ ಕುಟುಂಬದ ಆದಾಯ 87,000 ಆಗುತ್ತಿತ್ತು, ಸಿಸಿಬಿ ವರ್ಷಕ್ಕೆ 456 ಡಾಲರ್ ಏರುತ್ತಿತ್ತು. ತೆರಿಗೆಯಲ್ಲಿ ಉಳಿಯೋದು ಇದಕ್ಕೆ ಬೇರೆ. ಅದೇ ಎರಡು ಮಕ್ಕಳ ಮನೆಯ ಆದಾಯ 70,000 ಇದ್ದರೆ ಪ್ರತಿ ಸಾವಿರಕ್ಕೆ 135 ಡಾಲರ್ ವಾಪಸ್ ಬಂದಂತೆ. ಅಂದರೆ ಮಧ್ಯಮ ಆದಾಯದ ಮನೆಗಳಿಗೇ ಇದರಿಂದ ಲಾಭ ಜಾಸ್ತಿ. ಆದರೆ ಆರ್‌ಆರ್‌ಎಸ್‌ಪಿ ದೊಡ್ಡ ಸಂಬಳದವರಿಗೆ ಮಾತ್ರ ಅಂತ ಇವರೇ ಅದರ ಕಡೆ ತಿರುಗಿ ನೋಡೋದಿಲ್ಲ. ಮೊದಲ ಮನೆ ಕೊಳ್ಳುವವರ ಎಫ್‌ಎಚ್‌ಎಸ್‌ಎ ಖಾತೆಗೆ ಹಾಕಿದ ಹಣವೂ ಹೀಗೇ ಕಳೆಯುತ್ತದೆ. ಡೇಕೇರ್ ಖರ್ಚು, ಯೂನಿಯನ್ ಶುಲ್ಕ, ಕಂಪನಿಯ ಪೆನ್ಷನ್‌ಗೆ ಕಟ್ಟಿದ್ದು, ಇವೂ ಕಳೆಯುತ್ತವೆ. ಡೇಕೇರ್ ಖರ್ಚನ್ನು ಸಾಮಾನ್ಯವಾಗಿ ಇಬ್ಬರಲ್ಲಿ ಕಡಿಮೆ ಆದಾಯದವರೇ ತೋರಿಸಬೇಕು. ದಾನ, ಆಸ್ಪತ್ರೆ ಖರ್ಚು, ಕಾಲೇಜು ಫೀಸು ಈ ಸಾಲನ್ನು ಮುಟ್ಟೋದಿಲ್ಲ. ಅವು ತೆರಿಗೆ ಇಳಿಸುತ್ತವೆ, ಸಿಸಿಬಿ ಏರಿಸೋದಿಲ್ಲ. ತೆರಿಗೆಯಿಲ್ಲದ ಉಳಿತಾಯ ಖಾತೆಯಾದ ಟಿಎಫ್‌ಎಸ್‌ಎಯಿಂದ ತೆಗೆದ ಹಣ ಆದಾಯವೇ ಅಲ್ಲ, ಅದಕ್ಕೆ ಹೆದರಬೇಕಿಲ್ಲ.

ಓವರ್‌ಟೈಮ್ ಮಾಡಿದರೆ ಸಿಸಿಬಿ ಹೋಗುತ್ತೆ ಅಂತ ಹೇಳುವವರೂ ಇದ್ದಾರೆ. ಕಡಿಮೆಯಾಗುತ್ತದೆ, ನಿಜ. ಆದರೆ ಸಾವಿರ ಡಾಲರ್ ದುಡಿದರೆ ಎರಡು ಮಕ್ಕಳ ಮನೆಗೆ ಮುಂದಿನ ವರ್ಷ ಹೋಗೋದು ಹೆಚ್ಚೆಂದರೆ 135. ಅದಕ್ಕಾಗಿ ಸಿಕ್ಕ ಕೆಲಸ ಬಿಡಬೇಡಿ.

ಈಗ ಹೊಸದಾಗಿ ಬಂದವರ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ನಮ್ಮ ಜನಕ್ಕೆ ಅತಿ ದೊಡ್ಡ ಆಘಾತ ಆಗೋದು ಇಲ್ಲೇ. ಪಿಆರ್, ಅಂದರೆ ಕಾಯಂ ನಿವಾಸಿ, ಆಗಿ ಬಂದವರು ತಕ್ಷಣ ಅರ್ಜಿ ಹಾಕಬಹುದು. ವರ್ಕ್ ಪರ್ಮಿಟ್, ಸ್ಟಡಿ ಪರ್ಮಿಟ್‌ನಲ್ಲಿ ಇರುವವರು 18 ತಿಂಗಳು ಕೆನಡಾದಲ್ಲಿ ವಾಸ ಮಾಡಿ, 19ನೇ ತಿಂಗಳಲ್ಲಿ ಪರ್ಮಿಟ್ ಚಾಲ್ತಿಯಲ್ಲಿರಬೇಕು. ಅರ್ಜಿಯ ಹೆಸರು ಆರ್‌ಸಿ66, ಅದರ ಜೊತೆಗೆ ಆರ್‌ಸಿ66ಎಸ್‌ಸಿಎಚ್ ಅನ್ನೋ ಇನ್ನೊಂದು ಹಾಳೆ. ಆ ಎರಡನೇ ಹಾಳೆಯಲ್ಲಿ ಕೆನಡಾಕ್ಕೆ ಬರುವ ಮುಂಚಿನ ಆದಾಯ ಕೇಳುತ್ತಾರೆ. ಬೆಂಗಳೂರಲ್ಲಿ ದುಡಿದದ್ದೂ ಬರೆಯಬೇಕು, ಡಾಲರಿಗೆ ಬದಲಾಯಿಸಿ.

ದಂಪತಿ 2024ರ ಸೆಪ್ಟೆಂಬರಿನಲ್ಲಿ ಬಂದರು ಅಂತಿಟ್ಟುಕೊಳ್ಳಿ. 2023ರಲ್ಲಿ ಇಬ್ಬರೂ ಸೇರಿ 18 ಲಕ್ಷ ರೂಪಾಯಿ ದುಡಿದಿದ್ದರು. ಡಾಲರಿಗೆ 60 ರೂಪಾಯಿ ಅಂತ ಹಿಡಿದರೆ 30,000 ಡಾಲರ್. ಕಡಿತ ಶುರುವಾಗುವ ಗೆರೆಗಿಂತ ಕೆಳಗೆ. ಹಾಗಾಗಿ ಪೂರ್ತಿ ಸಿಸಿಬಿ ಬಂತು. 2025ರ ಜುಲೈನಲ್ಲಿ 2024ರ ಆದಾಯ ನೋಡುತ್ತಾರೆ. ಎಂಟು ತಿಂಗಳು ರೂಪಾಯಿ ಸಂಬಳ, ನಾಲ್ಕೇ ತಿಂಗಳು ಇಲ್ಲಿನ ಸಂಬಳ. ಹೆಚ್ಚು ಇಳಿಯೋದಿಲ್ಲ. ಪೂರ್ತಿ ವರ್ಷದ ಕೆನಡಾ ಸಂಬಳ ಲೆಕ್ಕಕ್ಕೆ ಬರೋದು 2026ರ ಜುಲೈನಲ್ಲಿ. ಆಗ ಒಮ್ಮೆಲೇ ಕುಸಿಯುತ್ತದೆ. ಬಂದು ಹೆಚ್ಚುಕಡಿಮೆ ಎರಡು ವರ್ಷ ಆ ಹಣ ಕಾಯಂ ಅಂತ ನಂಬಿ ಮನೆ ಖರ್ಚು ಹೊಂದಿಸಿಕೊಂಡಿರುತ್ತಾರೆ. ಅದಕ್ಕೇ ಹೊಸಬರು ಬಂದರೆ ನಾನು ಈ ವರ್ಷದ ಲೆಕ್ಕದ ಜೊತೆಗೆ ಮುಂದಿನ ಎರಡು ಜುಲೈಗಳ ಲೆಕ್ಕವನ್ನೂ ಬರೆದು ಕೊಡುತ್ತೇನೆ. ಇಬ್ಬರೂ ಕೆಲಸಕ್ಕೆ ಸೇರಿದ ಮೇಲಿನ ಸಂಬಳ ಹಾಕಿ ಬರುವ ಮೊತ್ತ ಎಷ್ಟೋ, ಅಷ್ಟನ್ನೇ ತಿಂಗಳ ಖರ್ಚಿಗೆ ನಂಬಿ, ಮಿಕ್ಕಿದ್ದನ್ನು ಬೇರೆ ಖಾತೆಗೆ ಹಾಕಿ ಅನ್ನುತ್ತೇನೆ.

ಇಲ್ಲೇ ಇನ್ನೊಂದು ಮಾತು. ಕೆನಡಾದ ನಿವಾಸಿಯಾದ ಮೇಲೆ ಪ್ರಪಂಚದ ಎಲ್ಲಿಂದ ಬಂದರೂ ಅದು ಆದಾಯವೇ. ಊರಿನ ಮನೆ ಬಾಡಿಗೆ, ಬ್ಯಾಂಕ್ ಎಫ್‌ಡಿ ಬಡ್ಡಿ ಎಲ್ಲಾ. ಹೊರದೇಶದಲ್ಲಿರುವ ಭಾರತೀಯರ ಎನ್‌ಆರ್‌ಇ ಖಾತೆಯ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ ಅಂತ ಇಲ್ಲಿ ಬಿಟ್ಟುಬಿಡುವ ಹಾಗಿಲ್ಲ. ಆಮೇಲೆ ಸಿಕ್ಕಿಬಿದ್ದರೆ ತೆರಿಗೆಯ ಜೊತೆ ಹೆಚ್ಚಿಗೆ ಬಂದ ಸಿಸಿಬಿಯನ್ನೂ ವಾಪಸ್ ಕಟ್ಟಬೇಕಾಗುತ್ತದೆ.

ಕ್ಲಿನಿಕ್ಕಿನಲ್ಲಿ ನನಗೆ ಅತಿ ಹೆಚ್ಚು ಕೇಳಿಬರುವ ಮಾತು, "ಅಕ್ಕಾ, ನನಗೆ ಸಂಬಳಾನೇ ಇಲ್ಲ, ನಾನ್ಯಾಕೆ ಟ್ಯಾಕ್ಸ್ ಫೈಲ್ ಮಾಡಬೇಕು?" ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ತಾಯಂದಿರು ಕೇಳೋದು ಇದನ್ನು. ಮಾಡಲೇಬೇಕು ಕಣ್ರೀ. ಗಂಡ ಹೆಂಡತಿ ಇಬ್ಬರ ರಿಟರ್ನೂ ಸಿಆರ್‌ಎ ಕೈಯಲ್ಲಿ ಇದ್ದರೇ ಕುಟುಂಬದ ಆದಾಯ ಗೊತ್ತಾಗೋದು. ಒಬ್ಬರದ್ದು ಬರದಿದ್ದರೆ ಜುಲೈನಲ್ಲಿ ಹಣ ನಿಲ್ಲುತ್ತದೆ. ಸೊನ್ನೆ ಆದಾಯವಾದರೂ ಸೊನ್ನೆ ಅಂತ ಬರೆದು ಕಳಿಸಬೇಕು. ಏಪ್ರಿಲ್ 30ರೊಳಗೆ ಹಾಕಿದರೆ ಸಾಕು. ತಡವಾಗಿ ಹಾಕಿದರೂ ಬಾಕಿ ಬರುತ್ತದೆ, ಆದರೆ ಅಲ್ಲಿಯವರೆಗೆ ಮನೆ ನಡೆಯಬೇಕಲ್ವಾ? ತಂದೆ ತಾಯಿ ಒಟ್ಟಿಗೆ ಇರುವ ಮನೆಯಲ್ಲಿ ಈ ಹಣ ಸಾಮಾನ್ಯವಾಗಿ ತಾಯಿಯ ಹೆಸರಿಗೇ ಬರುತ್ತದೆ. ಕೈಯಲ್ಲಿ ಬೇರೆ ಆದಾಯ ಇಲ್ಲದ ಹೆಣ್ಣುಮಗಳಿಗೆ ತನ್ನ ಖಾತೆಗೆ ತಿಂಗಳು ತಿಂಗಳು ಹಣ ಬೀಳೋದು ಸಣ್ಣ ಸಂಗತಿ ಅಲ್ಲ. ಅದು ಒಂದು ಕಾಗದ ಹಾಕದ ಕಾರಣಕ್ಕೆ ನಿಂತರೆ ನನಗೆ ಹೊಟ್ಟೆ ಉರಿಯುತ್ತದೆ.

ವರ್ಷದ ಮಧ್ಯೆ ಮೊತ್ತ ಬದಲಾಗುವ ಕೆಲವು ಸಂದರ್ಭಗಳಿವೆ. ಮಗುವಿಗೆ ಆರು ತುಂಬಿದ ಮುಂದಿನ ತಿಂಗಳಿಂದ ದರ ಇಳಿಯುತ್ತದೆ. 7,997 ಮತ್ತು 6,748ರ ನಡುವಿನ ವ್ಯತ್ಯಾಸ 1,249, ಅಂದರೆ ತಿಂಗಳಿಗೆ 104 ಡಾಲರ್ ಖೋತಾ. ಹುಟ್ಟುಹಬ್ಬದ ತಿಂಗಳನ್ನು ಹಾಳೆಯ ಮೇಲೆ ಮೊದಲೇ ಗುರುತು ಹಾಕಿಡಿ. ಹೊಸ ಮಗು ಹುಟ್ಟಿದರೆ ಜನನ ನೋಂದಣಿಯ ಜೊತೆಗೇ ಸಿಸಿಬಿಗೂ ಅರ್ಜಿ ಹಾಕುವ ಅವಕಾಶ ಹಲವು ಪ್ರಾಂತ್ಯಗಳಲ್ಲಿದೆ. ಬಾಣಂತನದ ರಜೆಯಲ್ಲಿ ಬರುವ ಇಐ, ಅಂದರೆ ಉದ್ಯೋಗ ವಿಮೆಯ, ಹಣ ಆದಾಯದಲ್ಲಿ ಸೇರುತ್ತದೆ. ಆದರೆ ಅದು ಸಂಬಳಕ್ಕಿಂತ ಕಡಿಮೆ ಇರುವುದರಿಂದ ಮುಂದಿನ ಜುಲೈನಲ್ಲಿ ಸಿಸಿಬಿ ಸ್ವಲ್ಪ ಏರೋದು ರೂಢಿ. ಮದುವೆಯಾದರೆ, ಬೇರೆಯಾದರೆ ಸಿಆರ್‌ಎಗೆ ಮುಂದಿನ ತಿಂಗಳ ಕೊನೆಯೊಳಗೆ ತಿಳಿಸಬೇಕು. ಬೇರೆಯಾದವರು 90 ದಿನ ಕಳೆದ ಮೇಲೆ ತಿಳಿಸಿದರೆ ಸಾಕು.

ಸಿಸಿಬಿ ಶುರುವಾದದ್ದು 2016ರ ಜುಲೈನಲ್ಲಿ. ಆಗ ಗರಿಷ್ಠ 6,400 ಮತ್ತು 5,400 ಡಾಲರ್ ಇತ್ತು. 2018ರಿಂದ ಬೆಲೆಯೇರಿಕೆಗೆ ತಕ್ಕಂತೆ ಪ್ರತಿ ಜುಲೈ ಏರುತ್ತಾ ಬಂದಿದೆ. ಹಾಗಾಗಿ ಹಳೇ ಲೆಕ್ಕದ ಹಾಳೆ ಇಟ್ಟುಕೊಂಡವರು ಗರಿಷ್ಠ ಮೊತ್ತವನ್ನೂ ಆದಾಯದ ಎರಡು ಗೆರೆಗಳನ್ನೂ ವರ್ಷಕ್ಕೊಮ್ಮೆ ಬದಲಾಯಿಸಬೇಕು. ಕಡಿತದ ಪರ್ಸೆಂಟು ಮಾತ್ರ ಹಾಗೇ ಇರುತ್ತದೆ.

ನಿಮ್ಮ ಪ್ರಾಂತ್ಯದ ಹಣವೂ ಇದರಲ್ಲಿ ಬೆರೆತಿರಬಹುದು. ಒಂಟಾರಿಯೋದಲ್ಲಿ ಒಂಟಾರಿಯೋ ಚೈಲ್ಡ್ ಬೆನಿಫಿಟ್ ಸಿಸಿಬಿಯ ಜೊತೆಗೇ ಒಂದೇ ಮೊತ್ತವಾಗಿ ಬ್ಯಾಂಕಿಗೆ ಬೀಳುತ್ತದೆ. ಕ್ವಿಬೆಕ್‌ನವರಿಗೆ ಪ್ರಾಂತ್ಯದ ಹಣ ರೆತ್ರೆತ್ ಕ್ವಿಬೆಕ್ ಅನ್ನೋ ಸಂಸ್ಥೆಯಿಂದ ಬೇರೆಯಾಗಿಯೇ ಬರುತ್ತದೆ. ಬ್ಯಾಂಕಿನಲ್ಲಿ ಬಿದ್ದದ್ದು ನಿಮ್ಮ ಲೆಕ್ಕಕ್ಕಿಂತ ಜಾಸ್ತಿ ಕಂಡರೆ ಮೊದಲು ಇದನ್ನು ನೋಡಿ.

ಕಡಿಮೆ ಕಂಡರೆ? ಜುಲೈನಲ್ಲಿ ಸಿಆರ್‌ಎಯಿಂದ ಸಿಸಿಬಿಯ ನೋಟಿಸ್ ಬರುತ್ತದೆ. ಅವರು ಹಿಡಿದ ಕುಟುಂಬದ ಆದಾಯ ಎಷ್ಟು ಅಂತ ಅದರಲ್ಲೇ ಬರೆದಿರುತ್ತದೆ. ನಾನು ನನ್ನ ಹಾಳೆಯನ್ನು ಪಕ್ಕದಲ್ಲಿಟ್ಟು ಮೊದಲು ಆ ಒಂದು ಸಂಖ್ಯೆ ತಾಳೆ ನೋಡುತ್ತೇನೆ. ಅದು ಸರಿಯಿದ್ದರೆ ಮಕ್ಕಳ ಹುಟ್ಟಿದ ದಿನಾಂಕ, ಆಮೇಲೆ ಮದುವೆಯ ವಿವರ. ಅವೂ ಸರಿಯಿದ್ದರೆ ಹಿಂದೆ ಹೆಚ್ಚಿಗೆ ಬಂದದ್ದನ್ನು ಈಗ ಮುರಿದುಕೊಳ್ಳುತ್ತಿದ್ದಾರಾ ಅಂತ. ಇಷ್ಟರಲ್ಲಿ ಕಾರಣ ಸಿಗದಿದ್ದರೆ ನೋಟಿಸ್ ಮತ್ತು ಹಾಳೆ ಎರಡನ್ನೂ ಎದುರಿಗಿಟ್ಟುಕೊಂಡು ಸಿಆರ್‌ಎಗೆ ಫೋನ್ ಮಾಡುತ್ತೇನೆ. ಲೆಕ್ಕ ಸಾಲು ಸಾಲಾಗಿ ಮುಂದಿದ್ದರೆ ಆ ಕಡೆಯವರಿಗೂ ಎಲ್ಲಿ ನೋಡಬೇಕು ಅಂತ ಬೇಗ ಗೊತ್ತಾಗುತ್ತದೆ.