ಹದಿನಾರಿಂಚಿನ ಗಾಜಿನ ಡಿಸ್ಕ್‌ನಲ್ಲಿದ್ದ ಕಾಲು ಗಂಟೆ

ಪದರ ಎದ್ದ ಲ್ಯಾಕರ್ ಡಿಸ್ಕ್‌ನಿಂದ ಏನೂ ಬರಲ್ಲ, ಸುಮ್ನೆ ಗೋಡೆಗೆ ನೇತುಹಾಕು ಅಂತ ಮೂರು ಜನ ಹಳೇ ಸಂಗ್ರಾಹಕರು ನನಗೆ ಹೇಳಿದ್ದರು. ಲ್ಯಾಕರ್ ಡಿಸ್ಕ್ ಅಂದರೆ ಗಾಜು ಅಥವಾ ಅಲ್ಯೂಮಿನಿಯಂ ತಟ್ಟೆಗೆ ಲ್ಯಾಕರ್ ಅನ್ನೋ ಮೆರುಗು ಬಳಿದು, ಅದರಲ್ಲಿ ಸದ್ದು ಕೆತ್ತಿದ ಹಳೇ ರೆಕಾರ್ಡ್. ಮೂವರೂ ಈ ಕೆಲಸದಲ್ಲಿ ನನಗಿಂತ ಹಿರಿಯರು. ಕಳೆದ ತಿಂಗಳು ಅದೇ ಡಿಸ್ಕ್‌ನಿಂದ 'ವಿಕ್ ಅಂಡ್ ಸೇಡ್' ಅನ್ನೋ ಹಳೇ ಅಮೆರಿಕನ್ ರೇಡಿಯೋ ಕಾರ್ಯಕ್ರಮದ ಒಂದು ಕಂತು, ಹದಿನಾಲ್ಕು ನಿಮಿಷ ಚಿಲ್ಲರೆ ಮಾತು, ಹೊರಗೆ ಬಂತು. ಒಂದೂ ಪದ ಬಿಟ್ಟುಹೋಗಿಲ್ಲ. ಹೇಗೆ ಮಾಡಿದೆ, ಎಷ್ಟು ಖರ್ಚಾಯ್ತು ಅಂತ ಕೇಳುತ್ತಿದ್ದೀರಿ, ಅದಕ್ಕೇ ಬರೆಯುತ್ತಿದ್ದೇನೆ.

ನಾನಿರುವುದು ಇಲಿನಾಯ್ ರಾಜ್ಯದ ಬ್ಲೂಮಿಂಗ್ಟನ್‌ನಲ್ಲಿ. ಇನ್ಶೂರೆನ್ಸ್ ಸಾಫ್ಟ್‌ವೇರ್ ಕೆಲಸಕ್ಕೆ ಬಂದವನು, ಹದಿನೆಂಟು ವರ್ಷ ಆಯ್ತು. 'ವಿಕ್ ಅಂಡ್ ಸೇಡ್' ಬರೆದ ಪಾಲ್ ರೈಮರ್ ಬೆಳೆದದ್ದು ಇದೇ ಊರಲ್ಲಿ. 1932ರಲ್ಲಿ ಶಿಕಾಗೋದಿಂದ ಶುರುವಾದ ಕಾರ್ಯಕ್ರಮ ಅದು. ದಿನಕ್ಕೆ ಕಾಲು ಗಂಟೆ, ಒಂದು ಚಿಕ್ಕ ಮನೆ, ಗಂಡ, ಹೆಂಡತಿ, ಒಬ್ಬ ಹುಡುಗ, ಅಷ್ಟೇ. ಮೂರೂವರೆ ಸಾವಿರಕ್ಕೂ ಜಾಸ್ತಿ ಕಂತು ಬಂದವು. ಉಳಿದಿರುವುದು ಮುನ್ನೂರ ಮೂವತ್ತರ ಆಸುಪಾಸು. ಪಕ್ಕದ ಪಿಯೋರಿಯಾದವರೇ ಆದ ಜಿಮ್ ಮತ್ತು ಮರಿಯನ್ ಜೋರ್ಡನ್ ದಂಪತಿಯ 'ಫಿಬ್ಬರ್ ಮೆಗೀ ಅಂಡ್ ಮಾಲಿ' ಅನ್ನೋ ರೇಡಿಯೋ ಹಾಸ್ಯದ ಕಂತುಗಳು ಬೇಕಾದಷ್ಟು ಸಿಗುತ್ತವೆ, ನನ್ನ ಊರಿನವನ ಕೆಲಸ ಮಾತ್ರ ಹೀಗೆ ಹೋಯಿತಲ್ಲ ಅನ್ನೋ ಸಂಕಟ ನನಗೆ ಮೊದಲಿನಿಂದ ಇತ್ತು.

ಡಿಸ್ಕ್ ಸಿಕ್ಕಿದ್ದು ಇಲ್ಲಿಂದ ನಲವತ್ತು ಮೈಲಿ ದೂರದ ತೋಟದ ಮನೆಯೊಂದರ ಸಾಮಾನು ಮಾರಾಟದಲ್ಲಿ. ಹನ್ನೊಂದು ಡಿಸ್ಕ್ ಇದ್ದ ಕಟ್ಟು, ನೂರಾ ಎಂಬತ್ತು ಡಾಲರ್. ಅದರಲ್ಲಿ ಎಂಟು ಬರೀ ಚರ್ಚ್ ಸಂಗೀತ. ಎರಡು ಖಾಲಿ. ಹನ್ನೊಂದನೆಯದು ಗಾಜಿನದು. ಲೇಬಲ್ ಮೇಲಿನ ಬರಹ ಪೂರ್ತಿ ಮಾಸಿತ್ತು. ಅಂಚಿನಲ್ಲಿ ಲ್ಯಾಕರ್ ಒಣಗಿದ ಕೆರೆಯ ಮಣ್ಣಿನ ಹಾಗೆ ಬಿರುಕು ಬಿಟ್ಟಿತ್ತು, ಎರಡು ಕಡೆ ಉಗುರಿನಷ್ಟಗಲ ಚೂರು ಮೇಲೆದ್ದು ನಿಂತಿತ್ತು. ಮೇಲೆಲ್ಲ ಬಿಳೀ ಪುಡಿ. ಬೂಜು ಅಂತ ಉಜ್ಜಿಬಿಡಬೇಡಿ, ಅದು ಲ್ಯಾಕರ್ ಒಳಗಿಂದ ಬೆವರಿದ ಕೊಬ್ಬಿನ ಆಮ್ಲ.

ಮೊದಲು ಸೋತ ಕಥೆ ಹೇಳುತ್ತೇನೆ. ಇದಕ್ಕಿಂತ ಹಿಂದೆ ಇಂಥದ್ದೇ ಒಂದು ಗಾಜಿನ ಡಿಸ್ಕ್ ಆನ್‌ಲೈನ್‌ನಲ್ಲಿ ತರಿಸಿದ್ದೆ, ನೂರಾ ನಲವತ್ತು ಡಾಲರ್. ಮಾರಿದವನು ಅದನ್ನು ಪಿಜ್ಜಾ ಡಬ್ಬಿಯ ರಟ್ಟಿನಲ್ಲಿ ಸುತ್ತಿ ಕಳಿಸಿದ್ದ. ಬಾಗಿಲಲ್ಲಿ ಪೊಟ್ಟಣ ಎತ್ತಿದಾಗಲೇ ಒಳಗೆ ಗಲಗಲ ಸದ್ದು. ದುಡ್ಡು ವಾಪಸ್ ಬರಲಿಲ್ಲ. ಆ ಚೂರುಗಳನ್ನು ಇನ್ನೂ ಎಸೆದಿಲ್ಲ. ಆಮೇಲೆ ಒಂದು ಅಲ್ಯೂಮಿನಿಯಂ ಡಿಸ್ಕ್. ಸೂಜಿ ಅಂಚಿಗೆ ಇಟ್ಟೆ, ಹೊರಗೆ ಜಾರಿ ಬಿತ್ತು. ಮೂರು ಸಲ ಹಾಗೇ ಆಯ್ತು. ಅದು ಒಳಗಿನಿಂದ ಶುರುವಾಗುವ ಡಿಸ್ಕ್ ಅಂತ ಹೊಳೆಯುವಷ್ಟರಲ್ಲಿ ಇನ್ನೂರು ಡಾಲರ್ ಸೂಜಿಯ ತುದಿ ಮುರಿದಿತ್ತು.

ಸ್ಕ್ಯಾನರ್ ಪ್ರಯೋಗವನ್ನೂ ಮಾಡಿದೆ. ಬರ್ಕ್ಲಿ ಲ್ಯಾಬ್‌ನಲ್ಲಿ ಕಾರ್ಲ್ ಹೇಬರ್ ಅವರ ತಂಡ ಡಿಸ್ಕ್ ಮೇಲಿನ ಸದ್ದಿನ ಗೀರುಗಳ (ಗ್ರೂವ್) ಚಿತ್ರ ತೆಗೆದೇ ಸದ್ದು ಓದುತ್ತಾರಲ್ಲ, ಮನೆಯ ಸ್ಕ್ಯಾನರ್‌ನಲ್ಲೂ ಚೂರಾದರೂ ಆದೀತು ಅಂತ. ಡಿಸ್ಕ್ ಅನ್ನು ಒಂದೊಂದೇ ಭಾಗವಾಗಿ ನಾಲ್ಕು ಸಲ ಸ್ಕ್ಯಾನ್ ಮಾಡಿ, ಎರಡು ತಿಂಗಳು ಕೋಡ್ ಬರೆದೆ. ಮಳೆ ಸದ್ದು ಬಿಟ್ಟು ಇನ್ನೇನೂ ಬರಲಿಲ್ಲ.

ಕೊನೆಗೆ ಕೈಹಿಡಿದದ್ದು ಅರ್ಧ ವೇಗ ಮತ್ತು ಹಿಂದುಮುಂದು ಓಡಿಸುವುದು. ಇದನ್ನು ನಾನು ಕಂಡುಹಿಡಿದದ್ದಲ್ಲ. ಆದರೆ ಪದರ ಎದ್ದ ಗಾಜಿನ ಮೇಲೆ ನಡೆಯಲ್ಲ, ಚೂರು ಹಾರಿಹೋಗುತ್ತೆ ಅಂತಲೇ ಎಲ್ಲರೂ ಅಂದಿದ್ದು. ನಡೆಯಿತು. ನಿಮಿಷಕ್ಕೆ ಮೂವತ್ತಮೂರು ಸುತ್ತಿನ ಬದಲು ಹದಿನಾರೂ ಮುಕ್ಕಾಲರ ಹತ್ತಿರದ ವೇಗ, ಸೂಜಿಯ ಸದ್ದನ್ನು ದೊಡ್ಡದು ಮಾಡುವ ಪ್ರೀಆಂಪ್‌ನಲ್ಲಿ ಈಕ್ವಲೈಸೇಶನ್ (ದಪ್ಪ, ತೆಳು ಸದ್ದಿನ ಹೊಂದಾಣಿಕೆ) ಪೂರ್ತಿ ಬಂದ್, ಅದೆಲ್ಲ ಆಮೇಲೆ ಕಂಪ್ಯೂಟರ್‌ನಲ್ಲಿ. ಮುಂದಕ್ಕೆ ಓಡಿಸಿದಾಗ ಸೂಜಿ ಎದುರಾಗಿ ಗುದ್ದುವ ಚೂರನ್ನು ಹಿಂದಕ್ಕೆ ಓಡಿಸಿದಾಗ ಬೆನ್ನಿನ ಕಡೆಯಿಂದ ಹತ್ತಿ ಇಳಿಯುತ್ತೆ. 2.3, 2.8, 3.2 ಮಿಲ್ (ಒಂದು ಮಿಲ್ ಅಂದರೆ ಇಂಚಿನ ಸಾವಿರದ ಒಂದು ಪಾಲು) ಸೂಜಿ ಮೂರನ್ನೂ ಹಾಕಿ ನೋಡಿದೆ. ಮಧ್ಯದ್ದು ಚೆನ್ನಾಗಿ ಕೂತಿತು. ನೀರು ಹಾಕಿ ಓಡಿಸುವ ಅಭ್ಯಾಸ ಇದ್ದವರು ಇಲ್ಲಿ ಬಿಡಿ, ಬಿರುಕಿನೊಳಗೆ ನೀರು ಇಳಿದರೆ ಮುಗಿಯಿತು. ಆಲ್ಕೋಹಾಲ್ ಅಂತೂ ಹತ್ತಿರವೂ ತರಬೇಡಿ. ಬಿಳೀ ಪುಡಿ ತೆಗೆಯಲು ನಾನು ಬಳಸಿದ ದ್ರಾವಣದ ಅಳತೆ, ಎದ್ದ ಚೂರನ್ನು ಕೆಳಗೆ ಕೂರಿಸಿದ ರೀತಿ, ಇವೆರಡನ್ನು ಸದ್ಯಕ್ಕೆ ಹೇಳುವುದಿಲ್ಲ. ಇನ್ನೂ ನಾಲ್ಕೈದು ಡಿಸ್ಕ್ ಮೇಲೆ ನೋಡಿಯಾದ ಮೇಲೆ ಹೇಳುತ್ತೇನೆ.

ಒಟ್ಟು ಹತ್ತೊಂಬತ್ತು ಸಲ ಓಡಿಸಿದೆ. ಮುಂದಿನಿಂದ ಬಂದ ಒಳ್ಳೆ ತುಣುಕು, ಹಿಂದಿನಿಂದ ಬಂದ ಒಳ್ಳೆ ತುಣುಕು ಆರಿಸಿ ಹೊಲಿದೆ. ಇನ್ನೂರ ಅರವತ್ತೋ ಎಪ್ಪತ್ತೋ ಜೋಡಣೆ ಇರಬೇಕು. ಐದು ವಾರದ ರಾತ್ರಿಗಳು.

ವೇಗ ಸರಿಮಾಡಿದ್ದು ಧ್ವನಿಯ ಜೊತೆಗೇ ಡಿಸ್ಕ್‌ನಲ್ಲಿ ಸೇರಿಕೊಂಡಿದ್ದ ಕರೆಂಟಿನ ಗುಂಯ್ ಸದ್ದಿನಿಂದ. ಇಲ್ಲಿ ಅದು 60 ಹರ್ಟ್ಸ್, ಅಷ್ಟಕ್ಕೆ ಕೂರಿಸಿದರೆ ಸಾಕು. ಆದರೆ ನನಗೆ ಪೂರ್ತಿ ಧೈರ್ಯ ಬಂದದ್ದು ಕೊನೆಯಲ್ಲಿ ಬಂದ, ಎನ್‌ಬಿಸಿ ರೇಡಿಯೋ ಜಾಲದ ಗುರುತಿನ ಮೂರು ಸ್ವರದಿಂದ. ಜಿ, ಇ, ಸಿ. ನನ್ನ ಹೆಂಡತಿ ಸಂಗೀತ ಕಲಿತವಳು. ಅಡುಗೆಮನೆಯಿಂದಲೇ ಕೇಳಿ, "ಮಂದ್ರದ ಪ, ಆಮೇಲೆ ಗ, ಸ. ಆದರೆ ಶ್ರುತಿ ಒಂದು ಕೂದಲು ಏರಿದೆ ಕಣ್ರೀ" ಅಂದಳು. ಅಳೆದು ನೋಡಿದೆ, ನಿಜ. ಗುಂಯ್ ಸದ್ದು ಹಿಡಿಯುವಾಗ ನಾನೇ ಒಂದು ಕಡೆ ತಪ್ಪಿದ್ದೆ. ಇದೇ ಉಪಾಯವನ್ನು ಅಪ್ಪ ಆಕಾಶವಾಣಿಯಿಂದ ಕ್ಯಾಸೆಟ್‌ಗೆ ಹಿಡಿದಿದ್ದ ಹಾಸ್ಯ ನಾಟಕಗಳ ಮೇಲೂ ಹಾಕಿದ್ದೇನೆ, ಅಲ್ಲಿ 50 ಹರ್ಟ್ಸ್ ಲೆಕ್ಕ. ಒಂದು ಬದಿ ಚೆನ್ನಾಗಿ ಬಂತು. ಅದನ್ನು ಇನ್ನೊಮ್ಮೆ ಬರೆಯುತ್ತೇನೆ.

ಈಗ ದಿನಾಂಕ. ಇದರಲ್ಲೇ ನಮ್ಮ ಸಂಗ್ರಾಹಕರು ಜಾಸ್ತಿ ಎಡವುವುದು. ಕಂತಿನ ಹೆಸರು ನಂಬಬೇಡಿ, ಒಂದೇ ಕಂತು ಮೂರು ಹೆಸರಲ್ಲಿ ಓಡಾಡುವುದನ್ನು ನಾನೇ ನೋಡಿದ್ದೇನೆ. ನನ್ನ ಪಟ್ಟಿಯಲ್ಲಿ ಹೆಸರಿನ ಕಾಲಂ ಕೊನೆಗೆ ಬರುತ್ತೆ. ಮೊದಲ ಸಾಲು, ಕೊನೆಯ ಸಾಲು, ಡಿಸ್ಕ್ ಯಾವುದರಿಂದ ಮಾಡಿದ್ದು, ಕೈಯಲ್ಲಿ ಕೆತ್ತಿದ ನಂಬರ್, ಜಾಹೀರಾತಿನಲ್ಲಿ ಏನು ಹೇಳಿದರು, ಇವು ಮೊದಲು. ಗಾಜಿನ ಡಿಸ್ಕ್ ಅಂದರೆ ಅಲ್ಯೂಮಿನಿಯಂ ಯುದ್ಧಕ್ಕೆ ಹೋದ ಕಾಲ. ಈ ಕಂತಿನಲ್ಲಿ ಫ್ಲೆಚರ್ ಮಾವ ಅನ್ನೋ ಪಾತ್ರ ಇದೆ, ಅಂದರೆ 1940ರಿಂದ ಈಚೆ. ಮನೆಯ ಹುಡುಗ ರಷ್ ಇಲ್ಲ, ಅವನ ಜಾಗಕ್ಕೆ ಬಂದ ರಸೆಲ್ ಇದ್ದಾನೆ, ಅಂದರೆ ರಷ್ ಪಾತ್ರದ ಹುಡುಗ ಬಿಲ್ಲಿ ಐಡೆಲ್ಸನ್ ನೌಕಾಪಡೆಗೆ ಹೋದ ಮೇಲೆ. ಕ್ರಿಸ್ಕೋ ಅನ್ನೋ ಅಡುಗೆ ಕೊಬ್ಬಿನ ಜಾಹೀರಾತಿನಲ್ಲಿ ರೇಷನ್ ಪಾಯಿಂಟ್ ಮಾತು ಬರುತ್ತೆ. ಅಡುಗೆ ಕೊಬ್ಬಿಗೆ ರೇಷನ್ ಬಂದದ್ದು 1943ರ ಮಾರ್ಚ್ ಕೊನೆಗೆ. ಇಷ್ಟರಲ್ಲೇ ಹನ್ನೆರಡು ವರ್ಷದ ಹುಡುಕಾಟ ಒಂದೂವರೆ ವರ್ಷಕ್ಕೆ ಇಳಿಯಿತು.

ಉಳಿದದ್ದಕ್ಕೆ ಮ್ಯಾಡಿಸನ್‌ಗೆ ಹೋದೆ, ಮೂರು ಗಂಟೆ ದಾರಿ. ರೈಮರ್ ಅವರ ಕಾಗದಪತ್ರ ವಿಸ್ಕಾನ್ಸಿನ್ ಹಿಸ್ಟಾರಿಕಲ್ ಸೊಸೈಟಿಯಲ್ಲಿದೆ. ಎರಡು ದಿನ ಡಬ್ಬಿ ಮೇಲೆ ಡಬ್ಬಿ ತೆಗೆಸಿದೆ. ಎರಡನೇ ದಿನ ಮಧ್ಯಾಹ್ನ ಟೈಪ್ ಮಾಡಿದ ಸ್ಕ್ರಿಪ್ಟಿನ ಒಂದು ಹಾಳೆಯ ಮೊದಲ ಸಾಲು ಓದುತ್ತಿದ್ದ ಹಾಗೇ ಸೇಡ್ ಪಾತ್ರದ ಬರ್ನಡೀನ್ ಫ್ಲಿನ್ ಅವರ ದನಿ ಕಿವಿಯಲ್ಲಿ ಬಂತು. ಐದು ವಾರ ಕೇಳಿದ್ದೆನಲ್ಲ. 1943ರ ಬೇಸಿಗೆ. ಹಾಳೆ ಹಿಡಿದ ಕೈ ನಡುಗುತ್ತಿತ್ತು. ಟೈಪಿನಲ್ಲಿ ಇಲ್ಲದ ಎರಡು ಮಾತು ಧ್ವನಿಯಲ್ಲಿದೆ, ನಟರು ಅಲ್ಲೇ ಸೇರಿಸಿದ್ದು. ಹಾಳೆ ಉಳಿದಿದೆಯಲ್ಲ, ಡಿಸ್ಕ್ ಯಾಕೆ ಅನ್ನುವವರಿಗೆ ನನ್ನ ಉತ್ತರ ಆ ಎರಡು ಮಾತು.

ಖರ್ಚು ಕೇಳಿದ್ದಿರಿ. ಹದಿನಾರಿಂಚು ಹಿಡಿಯುವ ಹಳೇ ಟರ್ನ್‌ಟೇಬಲ್ ಆರುನೂರು, ರಿಪೇರಿ ಮತ್ತು ಉದ್ದನೆ ಆರ್ಮ್ ಇನ್ನೊಂದು ಏಳುನೂರು, ಸೂಜಿಗಳೇ ಸಾವಿರ ದಾಟಿವೆ. ಒಡೆದದ್ದು, ಖಾಲಿ ಬಂದದ್ದು ಎಲ್ಲ ಸೇರಿ ಐದು ವರ್ಷಕ್ಕೆ ನಾಲ್ಕು ಸಾವಿರ ಡಾಲರ್ ಚಿಲ್ಲರೆ. ಅಷ್ಟಕ್ಕೆ ಒಂದು ಕಂತು. ಇನ್ನೊಂದು ಸಿಗುತ್ತೆ ಅಂದರೆ ಮತ್ತೆ ಅಷ್ಟೇ ಹಾಕುತ್ತೇನೆ.

ಗೋಡೆಗೆ ನೇತುಹಾಕು ಅಂದಿದ್ದವರಲ್ಲಿ ಒಬ್ಬರು ಹೋದ ವಾರ ತಮ್ಮ ಎರಡು ಗಾಜಿನ ಡಿಸ್ಕ್‌ಗಳನ್ನು ಕಾರಿನಲ್ಲಿ ತಾವೇ ತಂದು ಕೊಟ್ಟರು. ಪೋಸ್ಟ್‌ನಲ್ಲಿ ಕಳಿಸಬೇಡಿ ಅಂತ ನಾನೇ ಹೇಳಿದ್ದೆ. ಒಂದನ್ನು ಶುರುಮಾಡಿದ್ದೇನೆ. ಇನ್ನೊಂದನ್ನು ಚಳಿಗಾಲ ಮುಗಿಯುವವರೆಗೆ ಮುಟ್ಟುವುದಿಲ್ಲ, ಹೀಟರ್ ಹಾಕಿದ ಒಣ ಕೋಣೆಯಲ್ಲಿ ಪದರ ಜಾಸ್ತಿ ಏಳುತ್ತೆ.